ನಲವತ್ತು ತೂತು

ಚೌಕಟ್ಟು ಹೆಗಲಿಗೆ ತಗುಲಿಸಿಕೊಂಡು ಬಂದರು
ಶೇವಂತಿ ತಾಂಡೇಲ, ರಿಟೈರಾದ ಪಿ.ಟಿ. ಟೀಚರು.
ಒಂದು ಕಾಲಕ್ಕೆ ನನ್ನನ್ನು ಮೈದಾನದ ಸುತ್ತ
ಹನ್ನೆರಡು ಸಲ ಓಡಿಸಿ, ಹದಿಮೂರನೆಯದು
ಸುಳ್ಳು ಹೇಳಿದ್ದಕ್ಕೆ ಎಂದವರು.
ಗಾಲಿಯಿಲ್ಲದ ರೇಸ್ ಸೈಕಲ್ಲು, ಹ್ಯಾಂಡಲ್ಲು ಟಗರಿನ ಕೊಂಬು,
ಬಣ್ಣ ಮೊದಲು ಮುರುಗಲ ಹಣ್ಣಿನದಿತ್ತಂತೆ.
ಚೀಲದಿಂದ ಎರಡು ಹಬ್ಬು ತೆಗೆದಿಟ್ಟರು,
ಹಳೆ ಸೀರೆಯ ತುಂಡಲ್ಲಿ ಸುತ್ತಿದ್ದು.
"ಇವು ಬದಲಾಗಬಾರದು ಇನಾಸ. ರಿಮ್ಮು ನೀನು ನೋಡು."

ಕೋಡಿಬಾಗ ರಸ್ತೆಯಲ್ಲಿ ನನ್ನ ಅಂಗಡಿಯ ತೊಲೆಗೆ
ರಿಮ್ಮುಗಳು ರಾಕ್ಷಸಿಯ ಬಳೆಗಳಂತೆ ತೂಗುತ್ತವೆ.
ಈಗ ಗಾಲಿ ಡಬ್ಬದಲ್ಲಿ ಕಟ್ಟಿಯೇ ಬರುತ್ತದೆ,
ಇದು ಯಾವ ರಿಮ್ಮು ಅಂತ ಕೇಳುವವರಿಲ್ಲ.
ಕೋಲು ಹಾಕಿ ಇಳಿಸಿದೆ.

ಮೊದಲು ಅಲ್ಯುಮಿನಿಯಮ್ಮು. ಬೂದಿ ಬಣ್ಣ, ಹಗುರ.
ಕಿರುಬೆರಳಿಗೆ ಸಿಕ್ಕಿಸಿ ಗೆಣ್ಣಿನಿಂದ ತಟ್ಟಿದರೆ
ಒಣ ಸೋರೆಬುರುಡೆಯ ದನಿ.
ತೂತಿಗೆಲ್ಲ ಉಕ್ಕಿನ ಕಣ್ಣು ಕೂರಿಸಿದ್ದಾರೆ,
ಕಡ್ಡಿ ಎಷ್ಟು ಬಿಗಿದರೂ ಹರಿಯದ ಹಾಗೆ.
ಮಳೆಯಲ್ಲೂ ಬ್ರೇಕು ಕಚ್ಚುತ್ತದೆ.
ಆದರೆ ಮೂವತ್ತೆರಡು ತೂತು, ಇಲ್ಲವೇ ಮೂವತ್ತಾರು.
ಮುಂದಿನ ಹಬ್ಬಿಗೆ ಸರಿ. ಹಿಂದಿನದು ನಲವತ್ತು.

"ನಲವತ್ತಕ್ಕೆ ಏನಿದೆ?"
ಹಾಲಿನವರ ಸೈಕಲ್ಲಿಂದು ಇದೆ, ಟೀಚರ್.
ಉಕ್ಕು, ಮೇಲೆ ಕ್ರೋಮು, ಮುಖ ನೋಡಿ ತಲೆ ಬಾಚಬಹುದು.
ಬೈತಕೋಲದ ಗಾಳಿಗೆ ಎರಡು ಮಳೆಗಾಲ ತಡೆಯುತ್ತದೆ,
ಮೂರನೆಯದಕ್ಕೆ ಸಿಬ್ಬು ಏಳುತ್ತದೆ.
ಒದ್ದೆಯಾದರೆ ಬ್ರೇಕಿನ ರಬ್ಬರು ಅದರ ಮೇಲೆ
ಪಾಚಿ ಮೆಟ್ಟಿದ ಕಾಲು.
ಅಳತೆಯೂ ದೊಡ್ಡದು, ಸುತ್ತ ಎರಡೂವರೆ ಮಿಲಿಮೀಟರು.
ನನ್ನ ಮಾತು ಕೇಳಿ, ಹಬ್ಬು ಬದಲಿಸುವ.
ಎರಡೂ ಅಲ್ಯುಮಿನಿಯಮ್ಮು, ಒಂದೇ ಜೋಡಿ,
ನೋಡಿದವರು ಇದು ಇನಾಸನ ಕೈ ಅನ್ನಬೇಕು.

ಅವರು ಮಾತಾಡಲಿಲ್ಲ. ಹಿಂದಿನ ಹಬ್ಬಿನ ಎಣ್ಣೆಬಾಯಿಯ
ಪುಟ್ಟ ಮುಚ್ಚಳ ಉಗುರಲ್ಲಿ ಸರಿಸಿ, ಮುಚ್ಚಿ, ಸರಿಸಿ,
ನನ್ನ ಕಿವಿಯ ಹತ್ತಿರ ಹಿಡಿದು ಅಚ್ಚು ತಿರುಗಿಸಿದರು.
ಏನೂ ಕೇಳಿಸಲಿಲ್ಲ.
ಐವತ್ತು ವರ್ಷದ ಗುಂಡುಗಳು, ಒಂದೂ ಗೊಣಗಲಿಲ್ಲ.

"ಸೈಕಲ್ಲು ನಿಲ್ಲಿಸುವುದು ಯಾವ ಗಾಲಿ?"
ಮತ್ತೆ ಏಳನೇ ಕ್ಲಾಸು. ಮುಂದಿನದು, ಟೀಚರ್.
"ಆಳನ್ನು ಹೊರುವುದು?"
ಹಿಂದಿನದು.
"ಮತ್ತೆ ಎರಡಕ್ಕೂ ಒಂದೇ ಯೂನಿಫಾರ್ಮು ಎಂತಕ್ಕೆ?"

ಮುಂದೆ ಬೂದಿ, ಹಿಂದೆ ಕನ್ನಡಿ.
ಒಂದು ಕಿವಿಗೆ ಬುಗುಡಿ, ಇನ್ನೊಂದಕ್ಕೆ ಕಡ್ಡಿ ಚುಚ್ಚಿದ ಹಾಗೆ
ಕಾಣುತ್ತದೆ ಅಂತ ಹೇಳಹೊರಟವನು
ಸೀಳಿನಲ್ಲಿ ಬ್ರೇಕಿನ ರಬ್ಬರನ್ನು ಮೇಲೆ ತಳ್ಳಿ ನೋಡಿದೆ.
ಎರಡೂವರೆ. ಅಲ್ಲಿಗೆ ಸೀಳು ಮುಗಿಯಿತು.
ಮಡ್‌ಗಾರ್ಡು ಹಿಡಿಯುವುದಿಲ್ಲ ಟೀಚರ್,
ಮಳೆಯಲ್ಲಿ ಬೆನ್ನ ಮೇಲೆ ಕೆಸರಿನ ಗೆರೆ ಬೀಳ್ತದೆ.
"ಅಡ್ಡಿಲ್ಲ. ನನ್ನ ಬೆನ್ನು ನನಗೆಲ್ಲಿ ಕಾಣ್ತದೆ?"
ತುಕ್ಕಿಗೆ, ದೋಣಿಗೆ ಬಳಿಯುವ ಮೀನೆಣ್ಣೆ ಇದೆಯಂತೆ ಮನೆಯಲ್ಲಿ.
ಬ್ರೇಕು ತಾಗುವ ಮೈಗೆ ಮಾತ್ರ ಬೇಡ ಎಂದೆ.
ಅಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ನೋಡಿದರು.

ರಾತ್ರಿ ಶಟರು ಅರ್ಧ ಎಳೆದು ಕೂತೆ.
ನಲವತ್ತು ಕಡ್ಡಿ, ಒಂದೊಂದೂ ನಾಲ್ಕನ್ನು ದಾಟಿ
ತನ್ನ ತೂತು ಹುಡುಕಿಕೊಳ್ಳಬೇಕು.
ಎಡಕ್ಕೆ ಕಾಲು ಸುತ್ತು, ಬಲಕ್ಕೆ ಅರ್ಧ,
ಔಟು ಪೂರಾ ತೆಗೆದೆ, ಗಾಲಿ ನೀರಿನಂತೆ ತಿರುಗಿತು.
ಬೆಸುಗೆಯ ಹತ್ತಿರ ಮಾತ್ರ ಕಾಗದದಷ್ಟು ಉಬ್ಬು.
ಅದು ಹೋಗಲಿಲ್ಲ.
ಕೊಡುವಾಗ ನಾನು ಹೇಳಲೂ ಇಲ್ಲ.

ಹತ್ತು ದಿನಕ್ಕೆ, ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ
ಹೋಗಿ ಬಂದವರು ಅಂಗಡಿಯೆದುರು ಕಾಲೂರಿದರು.
"ಹಿಂದಿನದು ಸುತ್ತಿಗೊಮ್ಮೆ ಬೆನ್ನು ತಟ್ಟುತ್ತದೆ, ಇನಾಸ."
ಬಿಚ್ಚಿ ಮತ್ತೆ ಕಟ್ಟಲಾ ಎಂದು ಕೇಳುವಷ್ಟರಲ್ಲಿ
ಪೆಡಲಿನ ಮೇಲಿತ್ತು ಕಾಲು,
ಬಿಳಿ ಅಂಗಿಯ ಬೆನ್ನಿಗೆ ಉದ್ದಕ್ಕೂ ಕೆಸರು.