ಅಡವಿನ ಚೀಟಿ

ಹಲಸೂರು ಪೇಟೆಯ ಪುಖರಾಜ್ ಸೇಠರಲ್ಲಿ
ಗಿರವಿ ಇಟ್ಟಿದ್ದೆ ಸ್ವಾಮಿ, ನನ್ನ ಯೂಫೋನಿಯಂ.
ಮೂರು ಗುಂಡಿ, ಒಂದು ದೊಡ್ಡ ಹೊಟ್ಟೆ,
ಕತ್ತಿನ ಹತ್ತಿರ ನೆಗ್ಗಿದ ಹಿತ್ತಾಳೆ.
ಯಾರದೋ ಮೆರವಣಿಗೆಯಲ್ಲಿ ಕುದುರೆ ಒದ್ದದ್ದು.

ಇಪ್ಪತ್ತೆರಡು ವರ್ಷ ಊದಿದೆ ಅದನ್ನು.
ಬೆಳಿಗ್ಗೆ ಮದುವೆ, ಮಧ್ಯಾಹ್ನ ಮಣ್ಣು.
ಎರಡಕ್ಕೂ ಒಂದೇ ಕೆಂಪು ಕೋಟು;
ಸಾವಿಗಾದರೆ ಜರಿಪಟ್ಟಿ ಬಿಚ್ಚಿಡುತ್ತಿದ್ದೆವು, ಅಷ್ಟೆ.
ಕಲ್ಪಳ್ಳಿ ದಾರಿಯಲ್ಲಿ ಎಷ್ಟು ಪೆಟ್ಟಿಗೆಗಳ ಹಿಂದೆ
ನಿನ್ನ ಹೆಸರು ಊದಿದೆನೋ,
ಲೆಕ್ಕ ನೀನಿಟ್ಟಿರಬೇಕು.

ಒಂದು ಸಲ ಪೆಟ್ಟಿಗೆ ನನ್ನ ಮನೆಯಿಂದಲೇ ಹೊರಟಿತು.
ಎರಡೂವರೆ ಅಡಿ.
ಬ್ಯಾಂಡಿನವರೆಲ್ಲ ಬಂದಿದ್ದರು, ಕೂಲಿ ಕೇಳದೆ.
ಅಂದು ನಾನು ಊದಲಿಲ್ಲ.
ಆಮೇಲೂ.

ಭಾನುವಾರ ಗಂಟೆ ಹೊಡೆದರೆ
ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.
ಲೂರ್ದಮ್ಮ ತಲೆಗೆ ಸೆರಗು ಹೊದ್ದು ಒಬ್ಬಳೇ ಹೋಗುವಳು,
ಬಂದು, "ಇವತ್ತು ಫಾದರ್‌ಗೆ ಕೆಮ್ಮು" ಅನ್ನುವಳು.
ಬಾ ಅನ್ನಲಿಲ್ಲ. ಯಾಕೆ ಬರಲಿಲ್ಲ ಅನ್ನಲಿಲ್ಲ.

ನಾಲ್ಕು ಸಾವಿರಕ್ಕೆ ಇಟ್ಟೆ.
ಹದಿನೈದು ದಿನಕ್ಕೆ ಕುಡಿದು ಮುಗಿಸಿದೆ.
ಚೀಟಿ ಎಲ್ಲಿ ಬಿತ್ತೋ.
ವರ್ಷ ದಾಟಿದರೆ ಹರಾಜು, ಎಂದಿದ್ದರು ಸೇಠರು.
ಹೋಗಲಿ, ಯಾರೋ ಕರಗಿಸಿ
ಚೊಂಬು ಮಾಡಿಕೊಳ್ಳಲಿ, ನಲ್ಲಿ ಮಾಡಿಕೊಳ್ಳಲಿ ಎಂದುಕೊಂಡೆ.

ಆರು ವರ್ಷದ ಮೇಲೆ, ಮೊನ್ನೆ,
ಮೆಟ್ರೋ ಕಂಬದ ನೆರಳಲ್ಲಿ ಬಸ್ಸಿಗೆ ಕಾಯುತ್ತಿದ್ದೆ.
"ಏ ಇನ್ನಾಸಪ್ಪ," ಸೇಠರು ಕೂಗಿದರು,
"ನಿನ್ನ ಬಾಜಾ ಯಾವಾಗ ತಗೊಂಡು ಹೋಗ್ತೀಯ?
ನನ್ನ ಹತ್ರ ಜಾಗ ಇಲ್ಲ."
ಇದೆಯಾ, ಎಂದೆ.
"ಇಲ್ಲದೆ? ತಿಂಗಳಾ ತಿಂಗಳಾ ಬಡ್ಡಿ ಬರ್ತದಲ್ಲ."

ಲೆಡ್ಜರು ತಿರುಗಿಸಿ ತೋರಿಸಿದರು.
ನೂರ ಇಪ್ಪತ್ತು. ನೂರ ಇಪ್ಪತ್ತು. ನೂರ ಇಪ್ಪತ್ತು.
ಎಪ್ಪತ್ತೆರಡು ಸಲ.
ಪಕ್ಕದಲ್ಲಿ ಒಂದೊಂದು ಹೆಬ್ಬೆಟ್ಟು,
ಶಾಯಿಗಿಂತ ಇದ್ದಿಲ ಮಸಿಯೇ ಹೆಚ್ಚು.

ಕಾಕ್ಸ್ ಟೌನಿನ ಮಳೆಮರದ ಕೆಳಗೆ
ತಳ್ಳುಗಾಡಿಯಲ್ಲಿ ಊರವರ ಸುಕ್ಕು ಬಿಡಿಸುವವಳು
ಅಂಗಿಗೆ ಐದರಂತೆ ಇಪ್ಪತ್ತನಾಲ್ಕು ಅಂಗಿ ಉಜ್ಜಿ
ನನ್ನ ಹರಾಜನ್ನು
ಒಂದೊಂದೇ ತಿಂಗಳು ಮುಂದೂಡುತ್ತಿದ್ದಳು.

ಚಿಕ್ಕಂದಿನ ಜ್ಞಾನೋಪದೇಶದ ತರಗತಿಯಲ್ಲಿ
ವಿಮೋಚನೆ ಎಂದರೇನು ಎಂದು ಸಿಸ್ಟರ್ ಕೇಳಿದರೆ
ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ.
ಗಿರವಿ ಬಿಡಿಸೋದು ಕಣೋ, ಎಂದು
ಯಾರೂ ಹೇಳಿರಲಿಲ್ಲ.

ನೀನೂ ಹೀಗೇನಾ?
ಒಂದು ಶುಕ್ರವಾರ, ಒಂದೇ ಸಲಕ್ಕೆ
ಅಸಲು ಪೂರಾ ಕಟ್ಟಿದೆ ಎನ್ನುತ್ತಾರೆ.
ಇರಬಹುದು.
ನನಗೆ ಕಂಡವನು ಬೇರೆ:
ನಾನು ಗೋಡೆ ಕಡೆ ತಿರುಗಿ ಮಲಗಿದ್ದಾಗ
ಮಸಿ ಕೈಯಲ್ಲಿ ಬಂದು, ಸರದಿಯಲ್ಲಿ ನಿಂತು,
ಹೆಬ್ಬೆಟ್ಟೊತ್ತಿ ಹೋಗುವವನು.

ಆ ಪುಟ್ಟ ಪೆಟ್ಟಿಗೆಯ ಪ್ರಶ್ನೆ ಇನ್ನೂ ಹಾಗೇ ಇದೆ, ಸ್ವಾಮಿ.
ಯಾವ ಲೆಡ್ಜರಿನಲ್ಲೂ ಅದಕ್ಕೆ ಉತ್ತರವಿಲ್ಲ.
ಎದುರಿಗೆ ನಿಂತು ಕೇಳುತ್ತೇನೆ ಒಂದು ದಿನ. ಬಿಡುವುದಿಲ್ಲ.
ಆದರೆ ಕೇಳಲು
ನಿನ್ನ ಹತ್ತಿರವೇ ಬರಬೇಕಲ್ಲ.

ಸೇಠರು ಅಟ್ಟದಿಂದ ಇಳಿಸಿ ಕೊಟ್ಟರು, ಒಂದು ನಿಮಿಷಕ್ಕೆ.
ಹಸಿರು ಕಿಲುಬು, ಒಳಗೆ ಜೇಡರ ಮನೆ.
ತೊಡೆಯ ಮೇಲೆ ಕೂರಿಸಿಕೊಂಡೆ. ಊದಿದೆ.
ತುಟಿ ಮರೆತಿತ್ತು; ಎಮ್ಮೆ ಕೂಗಿದಂತಾಯಿತು.
ಬೀದಿ ಹುಡುಗರು ನಕ್ಕರು.
ಮತ್ತೆ ಅಟ್ಟಕ್ಕೇ ಹೋಯಿತು; ಅಸಲು ಇನ್ನೂ ಇದೆ.
ಈಗ ಉಜ್ಜಿದ ಬಟ್ಟೆಯ ಗಂಟು
ಸೈಕಲ್ ಮೇಲೆ ಮನೆ ಮನೆಗೆ ಮುಟ್ಟಿಸುತ್ತೇನೆ.

ಈ ಭಾನುವಾರ ಗಂಟೆ ಹೊಡೆಯಿತು.
ಅವಳ ಹಿಂದೆ, ನಾಲ್ಕು ಹೆಜ್ಜೆ ಬಿಟ್ಟು, ನಾನೂ ಹೋದೆ.
ಕೊನೆಯ ಬೆಂಚು. ಮೊಣಕಾಲು ನೋವು.
ಬರುವಾಗ ಇಬ್ಬರೂ ಮಾತಿಲ್ಲ;
ತಿರುವಿನಲ್ಲಿ ನಾನೇ ಅಂದೆ:
"ಫಾದರ್‌ಗೆ ಕೆಮ್ಮು ಇನ್ನೂ ಹೋಗಿಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.