ನಾಲ್ಕು ಬೆರಳು

ನೆರಿಡಾ ಪೋಲ್ಕಿಂಗ್‌ಹಾರ್ನ್ ನನ್ನ ಶೆಡ್ಡಿಗೆ ಬಂದಾಗ
ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣದ ರಟ್ಟು,
ಅದರ ಬೆನ್ನಿಗೆ ಪೆನ್ಸಿಲಿನಲ್ಲಿ:
ತೂಕ ಎರಡು ಟನ್ನಿಗೆ ನಲವತ್ತು ಕಿಲೋ ಕಮ್ಮಿ,
ಉದ್ದ ನಾಲ್ಕು ಮೀಟರು, ಮುಳುಗುವ ಹೊಟ್ಟೆ ಒಂದು ಮೀಟರು,
ಆಸನ ಒಂದು.

‘ನೀರೊಳಗೆ ಹೋಗುವುದು ಕಲಿತಾಯಿತು,’ ಅಂದಳು,
‘ನೀರಿನ ತನಕ ಹೋಗುವುದು ಹೇಗೆ ಹೇಳು.’

ವೈಯಾಲಾದ ಉಕ್ಕಿನ ಕಾರ್ಖಾನೆಯಲ್ಲಿ
ಇಪ್ಪತ್ತೇಳು ವರ್ಷ ಕ್ರೇನು ನಡೆಸಿದ ಹೆಂಗಸು.
ಒಂದು ಕ್ರೇನು ಬಾಡಿಗೆಗೆ ತಂದರೆ ಮುಗಿಯಿತಲ್ಲ, ಅಂದೆ.
ಚಹಾದ ಲೋಟ ಕೆಳಗಿಟ್ಟಳು.
‘ಕೊಕ್ಕೆಗೆ ಸಿಕ್ಕಿದ್ದು ಹೇಗೆ ಕಾಣುತ್ತದೆಂದು
ಮೇಲಿನಿಂದ ನೋಡಿದವಳು ನಾನು.
ನೇತಾಡುವುದಿಲ್ಲ.’

ಸರಿ, ಟ್ರೇಲರು.
ದೋಣಿಯ ಟ್ರೇಲರು ಇದಕ್ಕಾಗದು:
ದೋಣಿ ನೀರ ಮೇಲೆ ಕೂರುತ್ತದೆ,
ಇದು ನೀರಲ್ಲಿ ಕೂರುತ್ತದೆ, ಎಮ್ಮೆಯ ಹಾಗೆ.
ಇಳಿಜಾರಿನಲ್ಲಿ ಎಂಟಡಿ ನಡೆದರೆ ಒಂದಡಿ ಆಳ;
ಇದು ತೇಲುವ ಹೊತ್ತಿಗೆ
ಎಳೆದು ತಂದ ಪಿಕಪ್ಪಿಗೆ ಕುತ್ತಿಗೆಮಟ್ಟ ಸ್ನಾನ.
ಅದಕ್ಕೇ ಮೂಗು ಉದ್ದ ಮಾಡಿದೆ,
ಕೊಳವೆಯೊಳಗೆ ಕೊಳವೆ, ಅಡ್ಡ ಒಂದು ಗೂಟ,
ಎಳೆದರೆ ಐದು ಮೀಟರು.

ಮಲ್ಪೆಯಲ್ಲಿ ನನ್ನ ಸೋದರಮಾವ ದೋಣಿ ಇಳಿಸುವಾಗ
ಮೀನೆಣ್ಣೆ ಬಳಿದ ದಿಮ್ಮಿಯಿತ್ತು,
ಐಲಸಾ ಇತ್ತು, ಮೂವತ್ತು ಹೆಗಲಿತ್ತು.
ಇಲ್ಲಿ ಹೆಗಲು ನಾಲ್ಕು,
ಅದರಲ್ಲೂ ಅವಳ ಎಡದ್ದು ಮೇಲೇಳದು.

ಚಳಿಗಾಲವಿಡೀ ಅಳಿಸಿದೆ, ಬರೆದೆ.
ಮೂಗಿನ ಮೇಲೆ ಭಾರ ನೂರಕ್ಕೆ ಹತ್ತು,
ಕಮ್ಮಿಯಾದರೆ ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸುತ್ತದೆ.
ಓಡಿ ಬಂದ ಚಕ್ರದ ಗುಂಬವನ್ನು
ಒಮ್ಮೆಲೇ ನೀರಿಗಿಳಿಸಕೂಡದು,
ಕಾದ ಕಬ್ಬಿಣ ಆರುವಾಗ ಉಸಿರೆಳೆಯುತ್ತದೆ,
ಎಳೆದದ್ದು ಉಪ್ಪು.
ತೊಟ್ಟಿಲಿಗೆ ಹಳೆಯ ರಬ್ಬರಿನ ಬೆಲ್ಟು ಹೊದಿಸಿದೆ,
ಅದರಡಿಗೆ ಒತ್ತುಮರ, ನಾಲ್ಕು ಬೆರಳು ದಪ್ಪ,
ಗಟ್ಟಿ ಜಾರಾ ಮರ, ನಾನೇ ಕೆತ್ತಿದ್ದು,
ಒಂದಿಷ್ಟು ಹೆಮ್ಮೆ ಅದರ ಮೇಲೆ.

‘ನಿನ್ನ ತೂಕ?’ ಕೇಳಿದೆ.
‘ಅದು ನಿನಗೆ ಬೇಡ.’
ಎಂಬತ್ತು ಎಂದು ಬರೆದುಕೊಂಡೆ.

ಜೂನಿನ ಒಂದು ಬೆಳಿಗ್ಗೆ, ಪಾಯಿಂಟ್ ಲೋಲಿಯಲ್ಲಿ, ಭರತದ ನೀರು.
ಕೆಳಗೆ ಬಂಡೆಗಳ ಸಂದಿನಲ್ಲಿ ಕಪ್ಪೆ ಬೊಂಡಾಸಗಳ ಮದುವೆ.
ನಮ್ಮೂರಲ್ಲಿ ಬುಟ್ಟಿಗಿಷ್ಟು ಎಂದು ಕೂಗುತ್ತಿದ್ದ ಜೀವ;
ಅದು ಮೈಬಣ್ಣ ಬದಲಿಸುವುದನ್ನು
ಹತ್ತಿರ ಕೂತು ನೋಡಬೇಕೆಂದು
ಒಂಬತ್ತು ವರ್ಷ ತಗಡು ಬೆಸೆದಿದ್ದಳು.

ಒಂದು ತಾಸು ಚಕ್ರ ಆರಿಸಿದೆವು.
ಮುಚ್ಚಳ ಹಾಕಿಕೊಂಡಳು. ಹಿಮ್ಮೊಗವಾಗಿ ಇಳಿಸಿದೆ.
ಲೆಕ್ಕಕ್ಕಿಂತ ಎರಡು ಬೆರಳು ಮೊದಲೇ ತೇಲಿತು.
ಈ ಕೊಲ್ಲಿಯ ನೀರಿಗೆ ಉಪ್ಪು ಜಾಸ್ತಿಯೋ,
ನಾನು ಬರೆದದ್ದಕ್ಕಿಂತ ಅವಳು ಹಗುರವೋ,
ಪಿಕಪ್ಪಿನ ಬೆನ್ನು ತಟ್ಟನೆ ಮೇಲೆದ್ದಾಗ
ಕೈಗಷ್ಟೇ ಗೊತ್ತಾಯಿತು: ಹೋದಳು.

ಬರಿದಾದ ಟ್ರೇಲರನ್ನು ಮೇಲೆಳೆದೆ.
ಪಾಚಿ ಸುತ್ತಿಕೊಂಡಿತ್ತು. ಬಿಚ್ಚಿಡಲು ಮರೆತ ಎಡದ ದೀಪ
ನೀರಿಳಿಸುತ್ತ ಮಿಣುಕುತ್ತಿತ್ತು.
ಎರಡು ತಾಸು, ಅಂದಿದ್ದಳು.
ಸಿಹಿನೀರು ಹೊಯ್ದೆ, ಗ್ರೀಸು ತುಂಬಿದೆ,
ತಿರುಗಿ ನೋಡಿದರೆ
ಆಗಲೇ ಒದ್ದೆ ಸಿಮೆಂಟು ಒಂದು ಮಾರು ಹೊರಬಿದ್ದಿದೆ.

ಇಳಿಸುವ ಲೆಕ್ಕ ನೂರು ಸಲ ಮಾಡಿದ್ದೆ.
ಇಳಿತದಲ್ಲಿ ಹತ್ತಿಸಿಕೊಳ್ಳುವ ಲೆಕ್ಕ
ರಟ್ಟಿನ ಮೇಲೂ ಇರಲಿಲ್ಲ, ನನ್ನಲ್ಲೂ.
ಸಿಮೆಂಟು ಮುಗಿಯುವ ಅಂಚು ಅಗೋ ಅಲ್ಲಿ,
ಅದರಾಚೆ ಚಕ್ರಕ್ಕೆ ನೆಲವಿಲ್ಲ.
ಬಳಪ ಹಿಡಿದು ಇಳಿಜಾರಿನ ಮೇಲೇ ಕೂಡಿಸಿದೆ, ಕಳೆದೆ:
ಒಂಬತ್ತೂಕಾಲು. ಅದರಾಚೆ ಆಗದು.
ಕೂಗಿದರೆ ಕೇಳುವ ದೂರದಲ್ಲಿ ಅವಳಿಲ್ಲ.

ಸ್ಪ್ಯಾನರು ತೆಗೆದು ತೊಟ್ಟಿಲಡಿ ಮಲಗಿದೆ.
ಒತ್ತುಮರ ಒಂದೊಂದೇ ಬಿಚ್ಚುತ್ತಿದ್ದೇನೆ,
ಬೆನ್ನಿಗೆ ತಣ್ಣನೆ ಸಿಮೆಂಟು, ಮೂಗಿಗೆ ತೊಟ್ಟಿಕ್ಕುವ ಉಪ್ಪು.
ನಾಲ್ಕು ಬೆರಳು ತಗ್ಗುತ್ತದೆ.
ನಾಲ್ಕು ಬೆರಳೆಂದರೆ ಅವಳಿಗೆ
ಇನ್ನೊಂದು ಇಪ್ಪತ್ತು ನಿಮಿಷ,
ಬಣ್ಣ ನೋಡಲು.