ನಾರ್ಮಲ್

ರೂವಿಯ ಈ ಲ್ಯಾಬಿನಲ್ಲಿ ಹನ್ನೊಂದು ವರ್ಷ
ಊರೂರಿನವರ ರಕ್ತ ಎಳೆದಿದ್ದೇನೆ:
ಸೂರಿನ ಮೀನುಗಾರ, ಚಿತ್ತಗಾಂಗಿನ ಗಾರೆಯವ,
ಬೆಳ್ಳಿಬಳೆ ಮೇಲೆ ಸರಿಸಿ ತೋಳು ಕೊಟ್ಟು
ಗೋಡೆ ನೋಡುತ್ತಾ ಬಿಸ್ಮಿಲ್ಲಾ ಅಂದ ನಿಜ್ವಾದ ಅಜ್ಜಿ.

ಆ ಬುಧವಾರ ನನ್ನದೇ ಶೀಶೆ.
ಮೇಲೆ ನನ್ನದೇ ಕೈಬರಹ: ವಾರಿಜಾ, ನಲವತ್ಮೂರು.
ಯಂತ್ರ ತಿರುಗಿತು, ಕೆಂಪು ಕೆಳಗೆ, ಹಳದಿ ಮೇಲೆ.
ಟಿ.ಎಸ್.ಎಚ್. ಎರಡು ಪಾಯಿಂಟ್ ಒಂದು.
ನಾರ್ಮಲ್.
ಸೀಲು ಒತ್ತಿದೆ. ಸಹಿ, ಅದೂ ನನ್ನದೇ.

ಎರಡು ವರ್ಷ, ಮೂರು ಬಗೆಯ ಮಾತ್ರೆ.
ಮನಸ್ಸು ಬಚ್ಚಲಿನ ಒದ್ದೆ ಟವೆಲು,
ತೂಗುಹಾಕಿದಲ್ಲೇ ಮುಗ್ಗಲು ಹಿಡಿದಿತ್ತು.
ಅಳು ಬರುತ್ತಿರಲಿಲ್ಲ; ಬಂದಿದ್ದರೆ ಚೆನ್ನಿತ್ತು.
ಜುಲೈ ತಿಂಗಳು, ಹೊರಗೆ ಬೀದಿಯೆಲ್ಲ ಕಾದ ಕಾವಲಿ,
ನಾನು ಶಾಲು ಹೊದ್ದು ಕೂರುತ್ತಿದ್ದೆ.

ಡಾಕ್ಟರ್ ಬುಶ್ರಾ ಚೀಟಿ ಬರೆದರು:
ಹಳೆಯ ಮಾತ್ರೆ ಬಿಡಬೇಡಿ, ಜೊತೆಗೆ ಇದೊಂದು,
ಥೈರಾಯ್ಡ್ ಹಾರ್ಮೋನು, ಬೆಳಿಗ್ಗೆ, ಸಣ್ಣ ಡೋಸು.
"ನನ್ನದು ನಾರ್ಮಲ್, ಡಾಕ್ಟರ್. ನಾನೇ ನೋಡಿದ್ದು."
"ಗೊತ್ತು. ಇದು ಹಳೆಯದಕ್ಕೆ ಹೆಗಲು ಕೊಡಲು.
ಕೆಲವರಿಗೆ ಹಿಡಿಯುತ್ತದೆ, ಕೆಲವರಿಗಿಲ್ಲ.
ಯಾಕೆಂದು ನಮಗೂ ಪೂರ್ತಿ ಗೊತ್ತಿಲ್ಲ."
ಆ ಗೊತ್ತಿಲ್ಲದ ಮೇಲೆಯೇ ನನಗೆ ನಂಬಿಕೆ ಹುಟ್ಟಿದ್ದು.

ಫೋನಿನಲ್ಲಿ ಅಕ್ಕ, ಕುಂದಾಪುರದಿಂದ:
"ಇಲ್ದಿದ್ ಕಾಯ್ಲಿಗ್ ಮದ್ದ್ ಎಂತಕೆ ಮಾರಾಯ್ತಿ?"
ಏನು ಹೇಳಲಿ. ಹಾಲಿದೆ, ಬೆಚ್ಚಗೇ ಇದೆ,
ಹೆಪ್ಪು ಬಿದ್ದಿರಲಿಲ್ಲ ಅಂದೆ.
ಸುಮ್ಮನಾದಳು.
ಹೋಲಿಕೆ ಸರಿಯೋ ತಪ್ಪೋ, ಬಿಲ್ಲು ಏರುತ್ತಿತ್ತು.

ಮೊದಲ ವಾರ ಎದೆ ಡವಡವ.
ಸೂಜಿ ಹಿಡಿದ ಬೆರಳು ನಡುಗಿ
ಪಾಪ, ಒಬ್ಬ ಟ್ಯಾಕ್ಸಿಯವನಿಗೆ ಎರಡೆರಡು ಸಲ ಚುಚ್ಚಿದೆ.
ಡೋಸು ಇಳಿಸಿದರು.
ಎರಡನೆಯ ವಾರ ಏನಿಲ್ಲ. ಮೂರನೆಯದೂ.

ಆಮೇಲೊಂದು ಸಂಜೆ ಮತ್ರಾ ಬಂದರಿನ ಬದಿ
ಬಸ್ಸಿಗೆ ಕಾಯುತ್ತಾ ನಿಂತವಳಿಗೆ ಥಟ್ಟನೆ
ಸೆಖೆ.
ಅಯ್ಯೋ, ಎಂಥ ಸೆಖೆ!
ಮದ್ದಿನದೋ ಮಸ್ಕತ್ತಿನದೋ,
ಬೆನ್ನಗುಂಟ ಒಂದೇ ಒಂದು ಗೆರೆ ಬೆವರು
ತಡೆತಡೆದು ಇಳಿಯಿತು.
ಪಕ್ಕದವನು ಕಾಗದದ ಲೋಟದಲ್ಲಿ
ಖಾರ ಹಾಕಿದ ಬೇಯಿಸಿದ ಕಡಲೆ ತಿನ್ನುತ್ತಿದ್ದ.
ನನಗೂ ಬೇಕೆನಿಸಿತು.

ಬೇಕೆನಿಸಿತು, ಅಂತ ಇನ್ನೊಮ್ಮೆ
ನನಗೆ ನಾನೇ ಹೇಳಿಕೊಳ್ಳುವಷ್ಟರಲ್ಲಿ
ಬಸ್ಸು ಹೋಗಿಬಿಟ್ಟಿತ್ತು.